ಗರಸು ಹಾದಿಯಲ್ಲಿ ಗಿರಿಜಕ್ಕನ ಬುತ್ತಿ

ಗಜೇಂದ್ರಗಡ

ಪರದೇಶಕ್ಕೆ ಹೋಗಿ ಬಂದವರನ್ನು ನರೇಗಲ್ಲಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೂ ಮೊದಲು ಏನು ನೋಡಿದಿರಿ ಎಂದು ಕೇಳುವುದಿಲ್ಲ. ಊಟಕ್ಕೆ ಏನು ಮಾಡಿದಿರಿ ಎಂದೇ ಕೇಳುತ್ತಾರೆ. ನನ್ನನ್ನೂ ಹಾಗೇ ಕೇಳಿದರು. ರೊಟ್ಟಿ ಒಯ್ದಿದ್ದೆವು ಎಂದೆ. ಕಡೆಯವರೆಗೆ ಸಾಕಾದವೇ ಎಂದರು. ಸಾಕಾಗಲಿಲ್ಲ. ಯಾಕೆ ಸಾಕಾಗಲಿಲ್ಲ ಎಂಬುದೇ ಈ ಪ್ರವಾಸದ ಕಥೆ.

ಹೋದದ್ದು ಜರ್ಮನಿಗೆ. ನನ್ನ ತಮ್ಮನ ಮಗಳು ಪಲ್ಲವಿ ಅಲ್ಲಿ ಕಲ್ಲುಗಳ ಬಗ್ಗೆ ಓದುತ್ತಾಳೆ. ಯಾವುದೋ ಕಾಲದ ಮೀನು, ಏಡಿಗಳು ಬಂಡೆಯೊಳಗೆ ಅಚ್ಚಾಗಿ ಉಳಿದಿರುತ್ತವಲ್ಲ, ಅಂಥ ಕಲ್ಲುಗಳು. ಬೇಸಿಗೆ ರಜೆಗೆ ಬಾ ಅತ್ತಿ, ಆಲ್ಟ್‌ಮ್ಯೂಲ್ ಎಂಬ ಹೊಳೆಯ ದಂಡೆ ಹಿಡಿದು ಸೈಕಲ್ ಮೇಲೆ ಹೋಗೋಣ, ಆ ಹಾದಿಯಲ್ಲಿ ಕಾರಿಲ್ಲ, ಲಾರಿಯಿಲ್ಲ, ಬರೀ ಗರಸು ಹಾಸಿದ ದಾರಿ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಾಡು ಎಂದು ಕರೆದಳು. ನಾನು ಒಪ್ಪಿದೆ. ಒಪ್ಪಿದ ಮೇಲೆ, ಗಿರಿಜಕ್ಕನನ್ನೂ ಕರೆದುಕೊಂಡು ಬರುತ್ತೇನೆ ಎಂದು ಹಟ ಹಿಡಿದೆ.

ಗಿರಿಜಕ್ಕ ನನ್ನ ನೆಗೆಣ್ಣಿ, ನಮ್ಮ ಭಾವನವರ ಹೆಂಡತಿ. ಒಂದೇ ಮನೆಯಲ್ಲಿ ನಾವಿಬ್ಬರೂ ತಲೆ ಬೆಳ್ಳಗೆ ಮಾಡಿಕೊಂಡವರು. ಭಾವನವರದು ಪೇಟೆಯಲ್ಲಿ ದಲಾಲಿ ಅಂಗಡಿ. ಹೊಲವೆಲ್ಲ ಗಿರಿಜಕ್ಕನ ಕೈಯಲ್ಲಿತ್ತು. ಅದರಲ್ಲೂ ರಾಜೂರ ಕಡೆಯ ಕಪ್ಪುಮಣ್ಣಿನ ಎರೆಹೊಲ, ಅವಳ ಅಪ್ಪ ಅರಿಷಿಣ ಕುಂಕುಮಕ್ಕೆಂದು ಕೊಟ್ಟದ್ದು, ಅವಳ ಜೀವ. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಸೈಕಲ್ ಹತ್ತಿ ಹೊಲಕ್ಕೆ ಹೋಗುತ್ತಿದ್ದಳು. ಊರ ಜನ ಮೊದಮೊದಲು ನಕ್ಕರು, ಆಮೇಲೆ ನಗುವುದು ಅವರಿಗೇ ಬೇಜಾರಾಯಿತು. ಕೆಲವು ವರ್ಷಗಳ ಹಿಂದೆ ರಾಜೂರ ರಸ್ತೆಯಲ್ಲಿ ಹಿಂದಿನಿಂದ ಬಂದ ಟಂಟಂ ಆಟೋ ಒಂದು ಅವಳನ್ನು ತಗ್ಗಿಗೆ ಕೆಡವಿ ನಿಲ್ಲದೆ ಹೋಯಿತು. ತೊಡೆಯ ಎಲುಬಿಗೆ ರಾಡು ಹಾಕಿದರು. ಕಾಲು ಕೂಡಿತು, ಧೈರ್ಯ ಕೂಡಲಿಲ್ಲ. ಹಾರ್ನ್ ಕೇಳಿದರೆ ಇಂದಿಗೂ ಗೋಡೆಗೆ ಸರಿದು ನಿಲ್ಲುತ್ತಾಳೆ. ಸರ್ಕಲ್ಲಿನಲ್ಲಿ ರಸ್ತೆ ದಾಟಲು ನನ್ನ ಸೆರಗು ಹಿಡಿಯುತ್ತಾಳೆ. ಊರ ನಗುವಿಗೇ ಹೆದರದ ಹೆಂಗಸು ಅವಳು.

ಹೊಲ ನೋಡುವವರಿಲ್ಲದಾಗ ಭಾವನವರು, ಈ ಮಳೆಗಾಲದೊಳಗೆ ಅದನ್ನು ಬೇರೆಯವರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿಬಿಡುವುದು ಎಂದು ತೀರ್ಮಾನಿಸಿದರು. ತಪ್ಪೇನೂ ಇಲ್ಲ, ಎಲ್ಲರೂ ಹಾಕುತ್ತಾರೆ. ಅಂದಿನಿಂದ ಅಡುಗೆಮನೆಯಲ್ಲಿ ಗಿರಿಜಕ್ಕನ ಮಾತು ಕಡಿಮೆಯಾಯಿತು. ಜರ್ಮನಿಗೆ ಬಾ ಎಂದರೆ, ತಾನು ಸೈಕಲ್ ಮುಟ್ಟುವುದಿಲ್ಲ ಎಂಬ ಕರಾರಿನ ಮೇಲೆ ಒಪ್ಪಿಕೊಂಡಳು. ಹೊಳೆಯ ಪಕ್ಕದಲ್ಲೇ ಸಣ್ಣ ರೈಲು ಓಡುತ್ತದೆ, ಚೀಲ ಹಿಡಿದು ಅವರು ರೈಲಿನಲ್ಲಿ ಬರಲಿ, ಊರೂರಿಗೆ ಸೇರೋಣ ಎಂದು ಪಲ್ಲವಿ ದಾರಿ ಹುಡುಕಿದಳು. ಆಮೇಲೆ ಗಿರಿಜಕ್ಕ ರೊಟ್ಟಿ ಬಡಿಯಲು ಕುಳಿತಳು. ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಕೆಂಪು ಮೆಣಸಿನಕಾಯಿಯ ರಂಜಕ. ನಮ್ಮ ಬಟ್ಟೆ ಸಣ್ಣ ಚೀಲದಲ್ಲಿ, ರೊಟ್ಟಿ ದೊಡ್ಡ ಚೀಲದಲ್ಲಿ ಹೋದವು.

ಪಾಪೆನ್‌ಹೈಮ್

ಹೊಳೆ ಒಂದು ಗುಡ್ಡವನ್ನು ಸುತ್ತು ಹಾಕುತ್ತದೆ, ಗುಡ್ಡದ ಮೇಲೆ ಹಳೆಯ ಕೋಟೆ, ಕೆಳಗೆ ಊರು. ನಮ್ಮ ಗಜೇಂದ್ರಗಡದ ಕೋಟೆಯನ್ನು ದಿನಾ ನೋಡುವ ಗಿರಿಜಕ್ಕ ಅದನ್ನೊಮ್ಮೆ ನೋಡಿ, ಚಲೋ ಇಟ್ಟಾರ ಎಂದಷ್ಟೇ ಹೇಳಿದಳು. ಅವಳಿಗೆ ಆಶ್ಚರ್ಯವಾದದ್ದು ಹೊಳೆ. ನಮ್ಮ ಬೆಣ್ಣಿಹಳ್ಳ ಬೇಸಿಗೆಯಲ್ಲಿ ಉಸುಕು, ಮಳೆಗಾಲದಲ್ಲಿ ಯಮ. ಈ ಹೊಳೆಗೆ ಕೋಪವೇ ಇಲ್ಲವೇನೋ. ಹರಿಯುತ್ತಿದೆಯೋ ನಿಂತಿದೆಯೋ ತಿಳಿಯಲು ಒಂದು ಎಲೆ ಬಿಟ್ಟು ನೋಡಬೇಕು.

ಬಾಡಿಗೆ ಸೈಕಲ್ ಹತ್ತಿ ನಾನು ಮಾಡಿದ ಮೊದಲ ಕೆಲಸ ಗಂಟೆ ಬಾರಿಸಿದ್ದು. ಅಭ್ಯಾಸ. ತಿರುವು ಬಂದರೆ ಬಾರಿಸಿದೆ, ನಾಯಿ ಬಂದರೆ ಬಾರಿಸಿದೆ, ಯಾರೂ ಬರದಿದ್ದರೂ ಬರಬಹುದೆಂದು ಬಾರಿಸಿದೆ. ಮುಂದೆ ಹೋಗುತ್ತಿದ್ದ ಅಜ್ಜನೊಬ್ಬ ಸೈಕಲ್ ನಿಲ್ಲಿಸಿ, ಇಳಿದು, ಹಿಂದಕ್ಕೆ ಬಂದು ಏನಾಯಿತು ಎಂದು ವಿಚಾರಿಸಿದ. ಅಲ್ಲಿ ಒಮ್ಮೆ ಬಾರಿಸಿದರೆ ದಾರಿ ಬಿಡು ಎಂದು; ಹಾಗೆ ಬಿಟ್ಟೂ ಬಿಡದೆ ಬಾರಿಸಿದರೆ ಯಾರಿಗೋ ಏನೋ ಆಗಿದೆ ಎಂದು. ಪಲ್ಲವಿ ಕ್ಷಮೆ ಕೇಳಿದಳು. ಸ್ವಲ್ಪ ಮುಂದೆ ನಾನು ನಮ್ಮ ಪದ್ಧತಿಯಂತೆ ಎಡಬದಿ ಹಿಡಿದು, ಎದುರಿನಿಂದ ಬರುತ್ತಿದ್ದ ಇಡೀ ಸಂಸಾರವನ್ನು ಹುಲ್ಲಿಗೆ ಇಳಿಸಿದೆ. ಅವರು ಬೈಯುತ್ತಾರೆಂದು ಕಾದೆ. ಕೈ ಬೀಸಿ ಹೋದರು.

ಅಲ್ಲಿಯವರ ನಮಸ್ಕಾರ ನನಗೆ ಬಹಳ ಹಿಡಿಸಿತು. ಎದುರಾದವರೆಲ್ಲ 'ಗ್ರೂಸ್ ಗಾಟ್' ಎನ್ನುತ್ತಾರೆ, ಅದರಲ್ಲಿ ದೇವರ ಹೆಸರಿದೆ ಎಂದು ಪಲ್ಲವಿ ಹೇಳಿದಳು. ಅದನ್ನು ಕೇಳಿದ್ದೇ ತಡ, ಗಿರಿಜಕ್ಕ ಸ್ಟೇಷನ್ನಿನ ಹಾದಿಯಲ್ಲಿ ಸಿಕ್ಕವರಿಗೆಲ್ಲ ಶರಣ್ರೀ ಎನ್ನತೊಡಗಿದಳು. ಒಬ್ಬರೂ ವಿಚಿತ್ರವಾಗಿ ನೋಡಲಿಲ್ಲ, ಎಲ್ಲರೂ ಉತ್ತರ ಕೊಟ್ಟರು.

ಸೋಲ್ನ್‌ಹೋಫೆನ್

ಹಾದಿಯ ಬಗ್ಗೆ ಹೇಳಲೇಬೇಕು. ಗರಸು ಎಂದರೆ ನಮಗೆ ರಸ್ತೆ ಮಾಡಲು ಸುರಿದು, ಅಲ್ಲೇ ಮರೆತುಹೋದ ಗುಡ್ಡೆ. ಇಲ್ಲಿ ಅದನ್ನು ಸಣ್ಣಗೆ ಒಡೆದು, ಬಡಿದು, ಅಂಗಳದಂತೆ ಮಾಡಿದ್ದಾರೆ. ಗಾಲಿಯ ಕೆಳಗೆ ಚರಚರ ಸದ್ದು. ಬೀಚ್ ಎಂಬ ಎತ್ತರದ ಮರಗಳ ಕಾಡಿನೊಳಗೆ ಹೊಕ್ಕರೆ ಬಿಸಿಲು ಹಸಿರಾಗಿ ಬೀಳುತ್ತದೆ, ಹೊರಗೆ ಬಂದರೆ ನಮ್ಮ ಕುಸುಬಿಯ ಹೊಲ ನೆನಪಿಸುವ ಹಳದಿ ಹೂವಿನ ಬಯಲು. ಮಧ್ಯಾಹ್ನದವರೆಗೆ ತುಳಿದ ಮೇಲೆ ನನಗೊಂದು ವಿಷಯ ಹೊಳೆಯಿತು: ಬೆಳಗಿನಿಂದ ನಾನು ಒಮ್ಮೆಯೂ ಹಿಂದೆ ತಿರುಗಿ ನೋಡಿಲ್ಲ. ಊರಿನಲ್ಲಿ ರಸ್ತೆಗಿಳಿದರೆ ಕಣ್ಣು ಮುಂದೆ, ಕಿವಿ ಹಿಂದೆ. ಇಲ್ಲಿ ಕಿವಿಗೆ ರಜೆ. ನನಗೆ ತಕ್ಷಣ ಗಿರಿಜಕ್ಕನ ನೆನಪಾಗಿ, ಅವಳು ರೈಲಿನ ಕಿಟಕಿಯಲ್ಲಿ ಕುಳಿತು ಇದನ್ನೆಲ್ಲ ಕಳೆದುಕೊಳ್ಳುತ್ತಿದ್ದಾಳೆಂದು ಸಿಟ್ಟೂ ಬಂತು, ಅಳುವೂ ಬಂತು.

ಈ ಊರು ಪಲ್ಲವಿಯ ಯಾತ್ರಾಸ್ಥಳ. ಗುಡ್ಡದ ಕಲ್ಲು ನಮ್ಮ ಶಹಾಬಾದ ಫರಸಿಯಂತೆ ಪದರು ಪದರಾಗಿ ಏಳುತ್ತದೆ. ನಾವು ಫರಸಿಯನ್ನು ನೆಲಕ್ಕೆ ಹಾಸುತ್ತೇವೆ, ಈ ಕಣಿವೆಯ ಜನ ಹಳೆಯ ಮನೆಗಳ ಮಾಡಿಗೂ ಅದನ್ನೇ ಹೊದಿಸಿದ್ದಾರೆ. ಪದರು ಬಿಡಿಸಿದರೆ ಒಳಗೆ ಮೀನು, ತುಂಬಿ ಹುಳು, ಗರಿಯ ಅಚ್ಚೂ ಉಳಿದ ಹಕ್ಕಿ. ಊರ ಮ್ಯೂಸಿಯಮ್ಮಿನಲ್ಲಿ ಪಲ್ಲವಿ ಒಂದು ಮೀನಿನ ಅಚ್ಚಿನ ಮುಂದೆ ಪಾಠ ಶುರು ಮಾಡಿದಾಗ ಗಿರಿಜಕ್ಕ, ರೈಲಿನಿಂದ ಇಳಿದು ನಮ್ಮನ್ನು ಕೂಡಿದ್ದವಳು, ತದೇಕವಾಗಿ ನೋಡಿದಳು. ಇಷ್ಟು ವರ್ಷ ಅದಕ್ಕೆ ಎದ್ದು ಹೋಗಬೇಕು ಅನ್ನಿಸಲಿಲ್ಲವಲ್ಲ ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಗೆ ಹೋದಳು. ಪಲ್ಲವಿ ಪಾಠ ನಿಲ್ಲಿಸಿದಳು.

ಡೋಲ್ನ್‌ಷ್ಟೈನ್

ಇಲ್ಲಿ ನಡೆದದ್ದಕ್ಕೆ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು, ಬೇರೆ ಸೀಮೆಯ ಓದುಗರಿಗಾಗಿ. ಹೊಲದ ಬದುವಿನ ಮೇಲೋ ಕಟ್ಟೆಯ ಮೇಲೋ ಬುತ್ತಿ ಬಿಚ್ಚಿ ಕುಳಿತಾಗ ಹಾದಿಯಲ್ಲಿ ಯಾರು ಹೋದರೂ, ಗುರುತು ಇರಲಿ ಬಿಡಲಿ, ಬರ್ರಿ ಊಟಾ ಮಾಡೂಣು ಎಂದು ಕರೆಯಲೇಬೇಕು. ಕರೆಸಿಕೊಂಡವರು, ಆತ್ರಿ, ನೀವು ಮಾಡ್ರಿ ಎಂದು ಮುಂದೆ ಹೋಗಲೇಬೇಕು. ಕರೆಯದೆ ತಿಂದವನು ಜಿಪುಣ, ಕರೆದಾಗ ಕುಳಿತವನು ಬುದ್ಧಿಯಿಲ್ಲದವನು. ಎರಡೂ ನಮಗೆ ಹಾಲು ಕುಡಿಯುವಾಗಲೇ ಬಂದದ್ದು.

ಹಾದಿಯ ಪಕ್ಕದಲ್ಲಿ ಹೊಳೆಗೆ ಮುಖ ಮಾಡಿ ಒಂದು ಮರದ ಮೇಜು, ಬೆಂಚು. ನಾವು ತಲುಪುವ ಹೊತ್ತಿಗೆ ಗಿರಿಜಕ್ಕ ಸ್ಟೇಷನ್ನಿನಿಂದ ನಡೆದು ಬಂದು, ಮಂಕಿ ಕ್ಯಾಪು, ಸ್ವೆಟರು, ನಮ್ಮೂರ ಮಗ್ಗದ ಪಟ್ಟೇದಂಚು ಸೀರೆಯಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಳು. ಉಳಿದ ರೊಟ್ಟಿ ಊರು ಮುಟ್ಟುವವರೆಗೆ ಹೇಗೆ ಹೊಂದಿಸಬೇಕೆಂದು ನಾನು ಆಗಲೇ ಮನಸ್ಸಿನಲ್ಲಿ ಪಾಲು ಮಾಡಿದ್ದೆ. ಅಷ್ಟರಲ್ಲಿ ಇಬ್ಬರು ಮುದುಕರು ಬಂದರು. ಗಂಡ ಸಾದಾ ಸೈಕಲ್ ಮೇಲೆ, ಹೆಂಡತಿ ಮೂರು ಗಾಲಿಯ ಸೈಕಲ್ ಮೇಲೆ. ಗಿರಿಜಕ್ಕ ರೊಟ್ಟಿ ಎತ್ತಿ ಹಿಡಿದು, ಕೈಯಿಂದ ಬೆಂಚು ತೋರಿಸಿ, ಬರ್ರಿ, ಊಟಾ ಮಾಡೂಣು ಎಂದಳು.

ಅವರು ಸೈಕಲ್ ನಿಲ್ಲಿಸಿದರು. ಇಳಿದರು. ಕುಳಿತೇಬಿಟ್ಟರು.

ನಾನು ಗಿರಿಜಕ್ಕನ ಮುಖ ನೋಡಿದೆ. ಗಿರಿಜಕ್ಕ ಬುತ್ತಿಯ ಮುಖ ನೋಡಿದಳು. ಆದರೆ ಅವಳು ಮನೆತನಸ್ಥ ಹೆಂಗಸು. ರೆಪ್ಪೆ ಬಡಿಯುವುದರೊಳಗೆ ಎರಡು ರೊಟ್ಟಿಯ ಮೇಲೆ ಹಿಂಡಿ, ಮೊಸರು, ರಂಜಕ ಹಾಕಿ ಮುಂದಿಟ್ಟಳು. ಹೆಲ್ಗಾ ಎಂದು ಆ ಅಜ್ಜಿಯ ಹೆಸರು. ಗಂಡ ಯೋಸೆಫ್ ರೊಟ್ಟಿಯನ್ನು ಹಪ್ಪಳದಂತೆ ಮುರಿದು, ಆ ಸದ್ದಿಗೇ ಖುಷಿಪಟ್ಟ. ಹೆಲ್ಗಾ ರಂಜಕ ತಿಂದಳು; ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಕೈ ನಿಲ್ಲಿಸಲಿಲ್ಲ. ಮತ್ತೆ ಹಾಕಲೇ ಎಂದು ಗಿರಿಜಕ್ಕ ಸನ್ನೆ ಮಾಡಿದಳು, ಅದೂ ಪದ್ಧತಿ. ಹಾಕು ಎಂದರು, ಅದು ನಮ್ಮ ಪದ್ಧತಿಯಲ್ಲ. ನನ್ನ ಪಾಲಿನ ಲೆಕ್ಕವೆಲ್ಲ ಹೊಳೆಗೆ ಹೋಯಿತು. ನಾನು ಒಂದಿಷ್ಟು ಮುಖ ಊದಿಸಿಕೊಂಡೆ ಎಂದು ಪಲ್ಲವಿ ಇಂದಿಗೂ ಹೇಳುತ್ತಾಳೆ.

ಕಡೆಗೆ ಪಲ್ಲವಿ ತಡೆಯಲಾರದೆ ನಗುತ್ತ ಅವರಿಗೆ ನಮ್ಮ ರೀತಿ ವಿವರಿಸಿದಳು. ಅವರು ನಾಚಿ ಎದ್ದಾರೆಂದು ನಾನು ಹೆದರಿದೆ. ಹೆಲ್ಗಾ ಕೆಂಪು ಮೂಗು ಒರೆಸಿಕೊಂಡು, ನೇರವಾಗಿ, ಯಾರೂ ಕೂಡುವುದಿಲ್ಲವಾದರೆ ಕರೆಯುವುದು ಯಾಕೆ ಎಂದು ಕೇಳಿದಳು. ಪಲ್ಲವಿ ಅದನ್ನು ನಮಗೆ ಕನ್ನಡದಲ್ಲಿ ಹೇಳಿದಳು. ಗಿರಿಜಕ್ಕ ಬುತ್ತಿಯ ಬಟ್ಟೆ ಮಡಿಸುತ್ತ ಹೇಳಿದಳು:

"ಯಾರರ ಹಸದವ್ರು ಇದ್ದಾರು ಅಂತ ಕರೀತೇವಿ. ಹಸದವ್ರು ಕೂಡ್ತಾರ. ಇವ್ರು ಹಸದಿದ್ರು, ಕುಂತ್ರು. ಚಲೋ ಆತು."

ಪಲ್ಲವಿ ಅದನ್ನು ಜರ್ಮನಿನಲ್ಲಿ ಹೇಳಿದಾಗ ಯೋಸೆಫ್ ಟೊಪ್ಪಿಗೆ ತೆಗೆದ.

ಉಂಡ ಮೇಲೆ ಹೆಲ್ಗಾ ಪಲ್ಲವಿಯ ಹತ್ತಿರ, ಈಕೆ ಯಾಕೆ ಸೈಕಲ್ ತುಳಿಯುವುದಿಲ್ಲ ಎಂದು ವಿಚಾರಿಸಿದಳು. ರಸ್ತೆ, ಟಂಟಂ, ರಾಡು ಎಲ್ಲ ಕೇಳಿ ತನ್ನ ಸೊಂಟ ತಟ್ಟಿ ತೋರಿಸಿದಳು. ಅವಳಿಗೂ ಸೊಂಟದಲ್ಲಿ ಲೋಹ. ತನ್ನ ಮೂರು ಗಾಲಿಯ ಸೈಕಲ್ ತಂದು ಗಿರಿಜಕ್ಕನ ಮುಂದೆ ನಿಲ್ಲಿಸಿ, ಕೂಡು ಎಂದು ಕೈ ಮಾಡಿದಳು. ಗಿರಿಜಕ್ಕ ನಮ್ಮವರೆಲ್ಲ ಮಾಡುವಂತೆ ಬ್ಯಾಡ್ರಿ ಎಂದು ತಲೆಯಾಡಿಸಿದಳು. ನಮ್ಮಲ್ಲಿ ಮೊದಲ ಬೇಡಕ್ಕೆ ಯಾವ ಬೆಲೆಯೂ ಇಲ್ಲ. ಕೊಡುವವರು ಒತ್ತಾಯಿಸಬೇಕು, ತೆಗೆದುಕೊಳ್ಳುವವರು ಇನ್ನೊಂದೆರಡು ಸಲ ಬೇಡ ಅನ್ನಬೇಕು, ಆಮೇಲೆ ನಿಮ್ಮ ಮಾತು ಮೀರಬಾರದಲ್ಲ ಎನ್ನುತ್ತ ತೆಗೆದುಕೊಳ್ಳಬೇಕು.

ಹೆಲ್ಗಾ ಸರಿ ಎಂದಳು. ಸೈಕಲ್ ತಿರುಗಿಸಿದಳು. ಗಂಡನೂ ಎದ್ದ. ಅವರ ಊರಿನಲ್ಲಿ ಬೇಡ ಎಂದರೆ ಬೇಡ. ಹೆಲ್ಮೆಟ್ಟಿನ ಬೆಲ್ಟು ಬಿಗಿದು, ಗಿರಿಜಕ್ಕನ ಎರಡೂ ಕೈ ಹಿಡಿದು ಬೀಳ್ಕೊಂಡು, ಹೊರಟೇಬಿಟ್ಟರು.

ಗಿರಿಜಕ್ಕನ ಮುಖ ನಾನು ಎಂದೂ ಮರೆಯಲಾರೆ. ಒತ್ತಾಯಕ್ಕೆ ಕಾಯುತ್ತಿದ್ದ ಮುಖ ಅದು. ಒತ್ತಾಯ ಬರಲಿಲ್ಲ. ಮೂರು ಗಾಲಿ ತಿರುವಿನ ಕಡೆ ಚರಚರ ಎನ್ನುತ್ತ ಸಾಗುತ್ತಿತ್ತು. ನಾನು ಕೂಗಬಹುದಿತ್ತು, ಪಲ್ಲವಿ ಕೂಗಬಹುದಿತ್ತು.

"ಏ ಯವ್ವಾ, ತಡಿ," ಎಂದು ಗಿರಿಜಕ್ಕನೇ ಎದ್ದು ನಿಂತಳು. "ತಡೀರಿ. ಕೂಡ್ತೇನಿ."

ಹೆಲ್ಗಾಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಗಿರಿಜಕ್ಕ ಹೊಲದಲ್ಲಿ ಕಳೆ ತೆಗೆಯುವಾಗ ಕಟ್ಟುವಂತೆ ಸೀರೆ ಎತ್ತಿ ಕಟ್ಟಿ, ಮೂರು ಗಾಲಿ ಹತ್ತಿದಳು. ಹೆಲ್ಗಾ ಪಕ್ಕದಲ್ಲಿ ಕುಂಟುತ್ತ ನಡೆದಳು. ಮೂರು ಗಾಲಿಯದು ಎರಡು ಗಾಲಿಯಂತೆ ಬಾಗುವುದಿಲ್ಲ. ಹಳೆಯ ಅಭ್ಯಾಸಕ್ಕೆ ಮೈ ಬಾಗಿಸಿದ ಗಿರಿಜಕ್ಕ ನೆಟ್ಟಗೆ ದಂಡೆಯ ತುರಿಕೆ ಗಿಡದೊಳಗೆ ಹೋದಳು. ನಾನು ಓಡಿದೆ. ಅವಳು ಮೊಣಕೈ ಕೆರೆದುಕೊಳ್ಳುತ್ತ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ.

ಐಷ್ಟೆಟ್

ಮರುದಿನ ಬೆಳಿಗ್ಗೆ ಗಿರಿಜಕ್ಕ ಸ್ನಾನ ಮುಗಿಸಿ, ಕುಂಕುಮ ಹಚ್ಚಿಕೊಂಡು, ನನ್ನ ಸೈಕಲ್ಲಿನ ಸೀಟು ಒತ್ತಿ ನೋಡಿದಳು. ಚೈನಿಗೆ ಮುಚ್ಚಳ ಇದೆಯೋ ಎಂದು ಬಗ್ಗಿ ನೋಡಿದಳು. ಮೂರು ಗಾಲಿಯದನ್ನು ಬಾಡಿಗೆಗೆ ತರಲೇ ಎಂದ ಪಲ್ಲವಿಗೆ, ಅದು ಹುಡುಗರ ಗಾಡಿ, ತನಗೆ ಬೇಡವೆಂದಳು. ಆಮೇಲೆ ಚೀಲಗಳನ್ನು ನನ್ನ ಕಡೆ ಸರಿಸಿದಳು.

"ಇವತ್ತ ನೀ ರೈಲಿಗೆ ಬಾ, ಶಶಿ."

ಹೀಗಾಗಿ ಆ ಕಣಿವೆಯ ಅತ್ಯಂತ ಚೆಂದದ ಭಾಗವನ್ನು ನಾನು ರೈಲಿನ ಕಿಟಕಿಯಿಂದ ನೋಡಿದೆ. ಗುಡ್ಡದ ಹುಲ್ಲಿನಲ್ಲಿ ಕುರಿ ಮಂದೆ, ಕೋಲೂರಿ ನಿಂತ ಕುರುಬ, ಬಿಳಿಯ ಬಂಡೆಗಳು, ಕಾಡು. ನಾನು ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಕೆಳಗೆ ಆಗಾಗ ಕಾಣುವ ಬಿಳಿಯ ಹಾದಿಯ ಮೇಲೆ ಪಟ್ಟೇದಂಚಿನ ಸೀರೆ ಹುಡುಕುತ್ತಿದ್ದೆ. ಕಾಣಲಿಲ್ಲ. ಐಷ್ಟೆಟ್‌ನ ಸ್ಟೇಷನ್ನು ಊರಿನಿಂದ ದೂರ; ಅಲ್ಲಿ ಇನ್ನೊಂದು ಸಣ್ಣ ರೈಲು ಹಿಡಿಯಬೇಕು. ರೊಟ್ಟಿಯಿಲ್ಲದ ರೊಟ್ಟಿ ಚೀಲ ಹೊತ್ತು ಊರ ಸೇತುವೆಯ ಹತ್ತಿರ ಹೋಗಿ ನಿಂತೆ.

ಭಾಳ ಹೊತ್ತಾಯಿತು. ಎಲ್ಲೋ ಬಿದ್ದಿದ್ದಾಳೆ, ರಾಡು ಮುರಿದಿದೆ, ಭಾವನವರಿಗೆ ಏನು ಹೇಳಲಿ ಎಂದು ನಾನು ಮಾತು ಜೋಡಿಸತೊಡಗಿದ್ದೆ. ಆಗ ಹೊಳೆಯ ತಿರುವಿನಲ್ಲಿ ಪಲ್ಲವಿ ಕಂಡಳು. ಒಬ್ಬಳೇ. ನೋಡಿದರೆ, ಗಿರಿಜಕ್ಕ ಅವಳಿಗಿಂತ ಎಷ್ಟೋ ಮುಂದೆ, ಮರಗಳ ನೆರಳಿನಿಂದ ಆಗಲೇ ಹೊರಬಂದು, ಬೆನ್ನು ನೆಟ್ಟಗೆ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೇತುವೆಯ ಬುಡಕ್ಕೇ ಬಂದಿದ್ದಳು. ರಾಜೂರ ಹೊಲಕ್ಕೆ ಹೋಗುತ್ತಿದ್ದಾಗ ಹೀಗೇ ಕೂಡುತ್ತಿದ್ದಳು.

ಇಳಿದು ಸ್ಟ್ಯಾಂಡು ಹಾಕಿದಳು. ನೀರು ಕುಡಿದಳು.

"ಹೊಳ್ಳಿ ಹೊಳ್ಳಿ ನೋಡಿದೆ, ಶಶಿ," ಎಂದಳು. "ಹಿಂದ ಯಾವದೂ ಬರಲಿಲ್ಲ. ಆಮ್ಯಾಲ ನೋಡೂದ ಬಿಟ್ಟೆ."

ಆ ದಿನ ಅಂಗಡಿಯ ಗಟ್ಟಿ ಬ್ರೆಡ್ಡಿಗೆ ರಂಜಕದ ಬುಡದ ಎಣ್ಣೆ ಸವರಿಕೊಂಡು ತಿಂದೆವು. ಗಿರಿಜಕ್ಕ ತಿನ್ನುತ್ತ ಬಹಳ ಹೊತ್ತು ಹಾದಿಯನ್ನೇ ನೋಡುತ್ತಿದ್ದಳು. ಇಂಥ ಹಾದಿ ನಮ್ಮಲ್ಲೂ ಇತ್ತಲ್ಲ ಎಂದಳು. ಡಾಂಬರು ರಸ್ತೆ ಆಗುವ ಮೊದಲು ರಾಜೂರಿಗೆ ಹೊಲಗಳ ನಡುವೆ ಹೋಗುತ್ತಿದ್ದ ಬಂಡಿದಾರಿ. ಅಲ್ಲಿ ಎತ್ತು, ಕುರಿ ಬಿಟ್ಟರೆ ಹಿಂದಿನಿಂದ ಯಾವುದು ಬರುತ್ತಿತ್ತು? ಅದು ಹೌದೆನ್ನಿಸಿ ನಾನು ಬೆರಗಾದೆ. ಕಾರಿಲ್ಲದ ದಾರಿ ನೋಡಲು ಸಮುದ್ರ ದಾಟಿ ಬಂದಿದ್ದೆವು.

ರಾಜೂರ ದಾರಿ

ಊರಿಗೆ ಬಂದ ಮೇಲೆ ನೋಡಿದರೆ ಬಂಡಿದಾರಿ ಇತ್ತು, ಆದರೆ ಬಳ್ಳಾರಿ ಜಾಲಿ ಬೆಳೆದು ಒಳಗೆ ಮುಂಗುಸಿ ಮಾತ್ರ ಹೋಗುವಂತಿತ್ತು. ಗಿರಿಜಕ್ಕ ಆಳು ಹಚ್ಚಿ ಜಾಲಿ ಕಡಿಸಿದಳು. ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಭಾವನವರಿಗೆ, ಹೊಲ ಲಾವಣಿಗೆ ಬೇಡ, ತಾನೇ ಹೋಗುತ್ತೇನೆ ಎಂದು ಹೇಳಿದಳು. ಭಾವನವರು ಪ್ರೀತಿಯ ಮನುಷ್ಯರು, ಆದರೆ ವ್ಯಾಪಾರಸ್ಥರು. ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಗಾಲಿ ತಿರುಗುವುದಿಲ್ಲ, ಆಗ ಏನು ಮಾಡುತ್ತೀ ಎಂದರು. ಅದು ಖರೇ. ನಮ್ಮ ಎರೆಮಣ್ಣು ಮೆತ್ತಿಕೊಂಡರೆ ಸೈಕಲ್ ನಮ್ಮನ್ನು ಹೊರುವುದಿಲ್ಲ, ನಾವೇ ಅದನ್ನು ಹೊರಬೇಕು.

"ಹೊತಗೊಂಡ ಹೋಗ್ತೇನಿ," ಎಂದಳು ಗಿರಿಜಕ್ಕ.

ಭಾವನವರು ಎದ್ದು ಕೈ ತೊಳೆದರು. ಲಾವಣಿಗೆ ಕೇಳಿದ್ದವನಿಗೆ ಈ ವರ್ಷ ಬೇಡವೆಂದು ಹೇಳಿ ಕಳಿಸಿದ್ದು ನಮಗೆ ಆಮೇಲೆ ತಿಳಿಯಿತು. ಆ ವಾರದಲ್ಲೇ ಬಂಡಿದಾರಿಯ ತಗ್ಗಿನಲ್ಲಿ ಯಾರೋ ಟ್ರ್ಯಾಕ್ಟರಿನಿಂದ ಗರಸು ಸುರಿದು ಹೋಗಿದ್ದರು. ಆ ದಿನ ಭಾವನವರ ಚಪ್ಪಲಿಗೆ ಗರಸಿನ ಧೂಳಿತ್ತು.

ಮುಂಗಾರಿನ ಮೊದಲ ಮಳೆ ಬಂದು ಹೋದ ಮೇಲೆ ಒಂದು ರವಿವಾರ ನಾನು ಮನೆಯಲ್ಲಿ ಊಟ ಮುಗಿಸಿ ಆ ದಾರಿಯಲ್ಲಿ ನಡೆದುಕೊಂಡು ಹೋದೆ. ಗರಸು ಚರಚರ ಎಂದಿತು. ಎರಡೂ ಕಡೆ ಕಪ್ಪು ಹೊಲ, ಮೇಲೆ ಮೋಡ. ಹೊಲದ ಬೇವಿನ ಗಿಡಕ್ಕೆ ಸೈಕಲ್ ಆನಿಸಿತ್ತು. ಹ್ಯಾಂಡಲ್ಲಿನಲ್ಲಿ, ಆ ಸೆಕೆಯಲ್ಲೂ, ಜರ್ಮನಿಯಲ್ಲಿ ಹಾಕಿದ್ದ ಮಂಕಿ ಕ್ಯಾಪು ತೂಗುತ್ತಿತ್ತು. ಗಿರಿಜಕ್ಕ ಬದುವಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದಳು. ನನ್ನ ಹೆಜ್ಜೆ ಕೇಳಿಸಿದರೂ ಹಿಂದೆ ತಿರುಗಿ ನೋಡಲಿಲ್ಲ.

"ಬರ್ರಿ, ಊಟಾ ಮಾಡೂಣು," ಎಂದಳು, ಹಾದಿಯಲ್ಲಿ ಹೋಗುವ ಯಾರಿಗಾದರೂ ಅನ್ನುವಂತೆ.

ಆತು, ನೀ ಮಾಡಕ್ಕಾ ಎಂಬ ಮಾತು ನನ್ನ ಬಾಯಿಗೆ ಬಂದೇ ಬಂದಿತ್ತು. ಹೊಟ್ಟೆ ತುಂಬಿತ್ತು. ಚಪ್ಪಲಿ ಬಿಟ್ಟು ಅವಳ ಎದುರಿಗೆ ಕುಳಿತುಬಿಟ್ಟೆ. ಗಿರಿಜಕ್ಕ ನನ್ನ ಮುಖವನ್ನೊಮ್ಮೆ ನೋಡಿದಳು, ಆಮೇಲೆ ಕೈಯಲ್ಲಿದ್ದ ರೊಟ್ಟಿಯನ್ನು ಎರಡು ಮಾಡಿದಳು.